ತೋಳೆತ್ತುವ ನೋವಿಗೆ ವ್ಯಾಯಾಮದ ಮದ್ದು: ಭುಜ ಚಿಕಿತ್ಸೆಯ ಒಂದೂವರೆ ಶತಮಾನ

ತೋಳನ್ನು ಪಕ್ಕದಿಂದ ಮೇಲಕ್ಕೆತ್ತುವಾಗ ಆರಂಭದಲ್ಲಿ ಇಲ್ಲದ ನೋವು ಸುಮಾರು 60 ಡಿಗ್ರಿಯ ಎತ್ತರದಲ್ಲಿ ಕಾಣಿಸಿಕೊಂಡು, 120 ಡಿಗ್ರಿ ದಾಟಿದ ಮೇಲೆ ತಾನಾಗಿಯೇ ಇಳಿದುಹೋಗುವುದನ್ನು ವೈದ್ಯರು 'ನೋವಿನ ಕಮಾನು' ಎಂದು ಗುರುತಿಸುತ್ತಾರೆ. ಜಡೆ ಹೆಣೆಯುವಾಗ, ಅಟ್ಟದ ಮೇಲಿನ ಡಬ್ಬಿ ಇಳಿಸುವಾಗ, ರಾತ್ರಿ ಅದೇ ಮಗ್ಗುಲಿಗೆ ಮಲಗಿದಾಗ ಕಾಡುವ ಈ ನೋವಿಗೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ 'ಶೋಲ್ಡರ್ ಇಂಪಿಂಜ್‌ಮೆಂಟ್' ಎಂಬ ಹೆಸರು ರೂಢಿಗೆ ಬಂತು. ಮೂಳೆಯ ಚಾವಣಿಯ ಕೆಳಗೆ ಸ್ನಾಯುರಜ್ಜು ಸಿಕ್ಕಿಕೊಂಡು ಉಜ್ಜಿಹೋಗುತ್ತದೆ ಎಂಬುದು ಆ ಹೆಸರಿನ ಹಿಂದಿದ್ದ ಕಲ್ಪನೆ. ಈ ನೋವಿನ ಚಿಕಿತ್ಸೆಯ ಚರಿತ್ರೆಯನ್ನು ನೋಡಿದರೆ, ಕಾರಣವನ್ನು ವಿವರಿಸುವ ಸಿದ್ಧಾಂತಗಳು ಒಂದಾದ ಮೇಲೊಂದರಂತೆ ಬಂದು ಹೋದರೂ ಭೌತಚಿಕಿತ್ಸಕರ ವ್ಯಾಯಾಮ ಮಾತ್ರ ಅವೆಲ್ಲವನ್ನೂ ಮೀರಿ ಉಳಿದುಕೊಂಡದ್ದು, ಅದೂ ಪ್ರತಿ ಕಾಲದಲ್ಲಿ ಬೇರೊಂದು ಸಮರ್ಥನೆಯನ್ನು ಹೊತ್ತುಕೊಂಡು ಉಳಿದದ್ದು ಎದ್ದು ಕಾಣುತ್ತದೆ.

ಭುಜದ ಕೀಲು ಸೊಂಟದ ಕೀಲಿನಂತೆ ಮೂಳೆಗಳ ಆಳವಾದ ಜೋಡಣೆಯಿಂದ ಭದ್ರವಾದದ್ದಲ್ಲ. ತೋಳಿನ ಮೂಳೆಯ ಗುಂಡಾದ ತಲೆಯು ಹೆಗಲಮೂಳೆಯ, ಅಂದರೆ ಬೆನ್ನಿನ ಮೇಲ್ಭಾಗದಲ್ಲಿರುವ ತ್ರಿಕೋನಾಕಾರದ ಚಪ್ಪಟೆ ಮೂಳೆಯ, ಆಳವಿಲ್ಲದ ಗುಳಿಗೆ ಆನಿಕೊಂಡಿದ್ದು, ಅದನ್ನು ಅಲ್ಲಿ ಹಿಡಿದಿಡುವ ಕೆಲಸ ಬಹುಮಟ್ಟಿಗೆ ನಾಲ್ಕು ಸಣ್ಣ ಸ್ನಾಯುಗಳದ್ದು. ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ನಾರಿನ ಪಟ್ಟಿಗೆ ಸ್ನಾಯುರಜ್ಜು ಎಂದು ಹೆಸರು. ಈ ನಾಲ್ಕು ಸ್ನಾಯುಗಳ ರಜ್ಜುಗಳು ಒಂದರೊಳಗೊಂದು ಬೆರೆತು ಮೂಳೆಯ ತಲೆಯನ್ನು ಸುತ್ತುವರಿದಿರುವುದರಿಂದ ಇವುಗಳನ್ನು ಒಟ್ಟಾಗಿ ರೊಟೇಟರ್ ಕಫ್ ಎನ್ನುತ್ತಾರೆ. ಇವುಗಳಲ್ಲಿ ಮೇಲ್ಗಡೆ ಹಾಯುವ ಸುಪ್ರಾಸ್ಪೈನೇಟಸ್ ಎಂಬ ಸ್ನಾಯುವಿನ ರಜ್ಜುವಿಗೆ ನೇರ ಮೇಲೆ, ಹೆಗಲಮೂಳೆಯಿಂದ ಮುಂದಕ್ಕೆ ಚಾಚಿಕೊಂಡ ಅಕ್ರೋಮಿಯನ್ ಎಂಬ ಮೂಳೆಯ ಚಾಚು ಇದೆ. ಎರಡರ ನಡುವೆ ಉಜ್ಜಾಟ ತಪ್ಪಿಸಲು ಬರ್ಸಾ ಎಂಬ ತೆಳುವಾದ ದ್ರವಚೀಲವಿದೆ. ಮುಂದಿನ ವಾದಗಳೆಲ್ಲ ಹುಟ್ಟಿಕೊಂಡದ್ದು ಈ ಇಕ್ಕಟ್ಟಾದ ಎಡೆಯ ಸುತ್ತಲೇ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಎಡೆಯತ್ತ ಮೊದಲು ಗಮನ ಹರಿಸಿದವರು ಫ್ರಾನ್ಸಿನ ಶಸ್ತ್ರಚಿಕಿತ್ಸಕರು. 1867ರಲ್ಲಿ ಜಾರ್ಜಾವೆ ಬರ್ಸಾದ ಉರಿಯೂತವನ್ನು ವರ್ಣಿಸಿದನು. 1872ರಲ್ಲಿ ಸಿಮೋನ್ ಡ್ಯುಪ್ಲೆ ಭುಜದ ನೋವು ಮತ್ತು ಬಿಗಿತವು ಕೀಲಿನೊಳಗಿನ ಸಂಧಿವಾತವಲ್ಲ, ಕೀಲಿನ ಸುತ್ತಲಿನ ಮೃದು ಅಂಗಾಂಶಗಳ ಕಾಯಿಲೆ ಎಂದು ಬೇರ್ಪಡಿಸಿ ತೋರಿಸಿದನು. ಆದರೆ ಡ್ಯುಪ್ಲೆ ಸೂಚಿಸಿದ ಪರಿಹಾರ ಒರಟಾದದ್ದಾಗಿತ್ತು: ರೋಗಿಗೆ ಅರಿವಳಿಕೆ ಕೊಟ್ಟು, ಬಿಗಿದ ತೋಳನ್ನು ಬಲವಂತವಾಗಿ ತಿರುಗಿಸಿ ಒಳಗಿನ ಅಂಟುಗಳನ್ನು ಹರಿಯುವುದು. ಕೈಯಿಂದ ಮತ್ತು ಚಲನೆಯಿಂದ ವಾಸಿಮಾಡುವ ಇನ್ನೊಂದು ಪರಂಪರೆ ಅದೇ ಹೊತ್ತಿಗೆ ಯುರೋಪಿನ ಉತ್ತರದಲ್ಲಿ ಬೆಳೆಯುತ್ತಿತ್ತು. ಕತ್ತಿವರಸೆಯ ಗುರುವಾಗಿದ್ದ ಪೆರ್ ಹೆನ್ರಿಕ್ ಲಿಂಗ್ 1813ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸ್ಥಾಪಿಸಿದ ರಾಜಾಶ್ರಯದ ವ್ಯಾಯಾಮ ಸಂಸ್ಥೆಯಲ್ಲಿ ರೋಗಿ ಅಂಗವನ್ನು ಚಲಿಸುವಾಗ ಚಿಕಿತ್ಸಕನು ಅದಕ್ಕೆ ಎದುರಾಗಿ ಅಳತೆಯ ಪ್ರತಿರೋಧ ಒಡ್ಡುವ ಕ್ರಮವೊಂದು ರೂಪುಗೊಂಡಿತು. ಇಂದು ರಬ್ಬರ್ ಪಟ್ಟಿ ಮಾಡುವ ಕೆಲಸವನ್ನು ಅಂದು ಚಿಕಿತ್ಸಕನ ಅಂಗೈ ಮಾಡುತ್ತಿತ್ತು ಎನ್ನಬಹುದು. ಇಂಗ್ಲೆಂಡಿನಲ್ಲಿ ಈ ವೃತ್ತಿ ಸಂಘಟಿತವಾದದ್ದು 1894ರಲ್ಲಿ, ಮಸಾಜ್ ಹೆಸರಿನಲ್ಲಿ ನಡೆಯುತ್ತಿದ್ದ ಅನಾಚಾರಗಳ ಬಗ್ಗೆ ವೈದ್ಯಕೀಯ ಪತ್ರಿಕೆಗಳು ಗುಲ್ಲೆಬ್ಬಿಸಿದ ಸಂದರ್ಭದಲ್ಲಿ. ತಮ್ಮ ಕಸುಬಿನ ಮಾನ ಉಳಿಸಿಕೊಳ್ಳಲು ನಾಲ್ವರು ದಾದಿಯರು ತರಬೇತಿ ಪಡೆದ ಅಂಗಮರ್ದಕಿಯರ ಸಂಘವನ್ನು ಕಟ್ಟಿದರು, ಅದೇ 1944ರಲ್ಲಿ ಚಾರ್ಟರ್ಡ್ ಸೊಸೈಟಿ ಆಫ್ ಫಿಸಿಯೋಥೆರಪಿ ಎಂಬ ಹೆಸರು ತಳೆಯಿತು.

ಭುಜದ ಚಿಕಿತ್ಸೆಗೆ ಆಧುನಿಕ ಅಡಿಪಾಯ ಹಾಕಿದವನು ಬಾಸ್ಟನ್ನಿನ ಅರ್ನೆಸ್ಟ್ ಅಮೊರಿ ಕಾಡ್‌ಮನ್ (1869–1940). ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಶಸ್ತ್ರಚಿಕಿತ್ಸಕನಾಗಿದ್ದ ಈತ ಪ್ರತಿ ರೋಗಿಯನ್ನೂ ಚಿಕಿತ್ಸೆ ಮುಗಿದ ಮೇಲೆ ಕನಿಷ್ಠ ಒಂದು ವರ್ಷ ಕಾಲ ಹಿಂಬಾಲಿಸಿ, ಗುಣವಾಯಿತೇ ಇಲ್ಲವೇ, ಆಗದಿದ್ದರೆ ಏಕೆ ಎಂಬುದನ್ನು ದಾಖಲಿಸಿ ಬಹಿರಂಗಪಡಿಸಬೇಕೆಂದು ಪಟ್ಟುಹಿಡಿದನು. 'ಅಂತಿಮ ಫಲಿತಾಂಶ' ಎಂದು ಆತ ಕರೆದ ಈ ಪದ್ಧತಿ ಸಹೋದ್ಯೋಗಿಗಳಿಗೆ ಹಿಡಿಸದೆ, ಹಿರಿತನದ ಮೇಲೆ ಬಡ್ತಿ ನೀಡುವ ವ್ಯವಸ್ಥೆಯನ್ನು ಪ್ರತಿಭಟಿಸಿ 1914ರಲ್ಲಿ ಆತ ಆಸ್ಪತ್ರೆಯನ್ನು ತೊರೆದನು. ಹರಿದ ಸುಪ್ರಾಸ್ಪೈನೇಟಸ್ ರಜ್ಜುವನ್ನು ಹೊಲಿದ ವರದಿಯನ್ನು 1911ರಲ್ಲಿ ಪ್ರಕಟಿಸಿದ ಕಾಡ್‌ಮನ್, ಭುಜವನ್ನು ಕುರಿತ ತನ್ನ ಬೃಹತ್ ಗ್ರಂಥವನ್ನು 1934ರಲ್ಲಿ ಸ್ವಂತ ಖರ್ಚಿನಲ್ಲಿ ಹೊರತಂದನು. 'ಫ್ರೋಜನ್ ಶೋಲ್ಡರ್', ಅಂದರೆ ಎಲ್ಲ ದಿಕ್ಕಿನಲ್ಲೂ ಬಿಗಿದು ನಿಲ್ಲುವ ಭುಜ, ಎಂಬ ಹೆಸರು ಬಂದದ್ದು ಅದರಿಂದಲೇ. ತೋಳು ಮೇಲೇಳುವಾಗ ಹೆಗಲಮೂಳೆಯೂ ತೋಳಿನ ಮೂಳೆಯೂ ಒಂದು ಲಯದಲ್ಲಿ ಜೊತೆಜೊತೆಯಾಗಿ ಚಲಿಸುತ್ತವೆ ಎಂಬ ಅವಲೋಕನವೂ ಅದರಲ್ಲಿದೆ. 1944ರಲ್ಲಿ ಇನ್‌ಮನ್ ಮತ್ತು ಸಂಗಡಿಗರು ಇದನ್ನು ಅಳೆದು, ಒಟ್ಟಾರೆಯಾಗಿ ತೋಳಿನ ಮೂಳೆ 2 ಡಿಗ್ರಿ ಏಳುವಲ್ಲಿ ಹೆಗಲಮೂಳೆ 1 ಡಿಗ್ರಿ ತಿರುಗುತ್ತದೆ ಎಂದು ತೋರಿಸಿದರು.

ಭೌತಚಿಕಿತ್ಸೆಯ ದೃಷ್ಟಿಯಿಂದ ಕಾಡ್‌ಮನ್ ಬಿಟ್ಟುಹೋದ ಬಹುಮುಖ್ಯ ಆಸ್ತಿ ಮಾತ್ರ ಒಂದು ಸರಳ ಭಂಗಿ. ನಿಂತ ರೋಗಿ ಸೊಂಟದಿಂದ ಮುಂದಕ್ಕೆ ಬಾಗಿ, ನೋವಿಲ್ಲದ ಕೈಯನ್ನು ಮೇಜಿನ ಅಂಚಿಗೆ ಊರಿ, ನೋವಿನ ತೋಳನ್ನು ಸಡಿಲವಾಗಿ ಕೆಳಕ್ಕೆ ಜೋತುಬಿಡುತ್ತಾನೆ; ಆಮೇಲೆ ಮೈಯನ್ನು ಮೆಲ್ಲಗೆ ಅತ್ತಿತ್ತ ಹೊಯ್ದಾಡಿಸಿದರೆ ತೋಳು ಲೋಲಕದಂತೆ ಹಿಂದೆ ಮುಂದೆ, ಸುತ್ತಲೂ ತೂಗಾಡುತ್ತದೆ. ಇದರ ಯುಕ್ತಿ ಇರುವುದು ತೂಗಾಟದಲ್ಲಿ ಅಲ್ಲ, ಬಾಗುವಿಕೆಯಲ್ಲಿ. ಮೈ ನೆಲಕ್ಕೆ ಸಮಾನಾಂತರವಾದಾಗ ಕೆಳಕ್ಕೆ ನೇತಾಡುವ ತೋಳು ಮೈಗೆ ಹೋಲಿಸಿದರೆ 90 ಡಿಗ್ರಿ ಎತ್ತಿದ ಸ್ಥಿತಿಯಲ್ಲಿರುತ್ತದೆ. ಆದರೆ ಎತ್ತಿದ್ದು ಭೂಮಿಯ ಸೆಳೆತವೇ ಹೊರತು ಹುಣ್ಣಾದ ರಜ್ಜುವಲ್ಲ. ನೋವಿನ ಕಮಾನನ್ನು ಸ್ನಾಯುಬಲವಿಲ್ಲದೆ ದಾಟಿಸುವ ಈ ಉಪಾಯವನ್ನು ಇಂದಿಗೂ ಶಸ್ತ್ರಚಿಕಿತ್ಸೆಯ ಮಾರನೆಯ ದಿನದ ಹಾಳೆಗಳಲ್ಲಿ ಕಾಣಬಹುದು. ಕಾಡ್‌ಮನ್ ಸ್ವತಃ ರಜ್ಜುವಿನ ಹರಿತಕ್ಕೆ ಮೂಳೆಯ ಒತ್ತಡವನ್ನು ಮುಖ್ಯ ಕಾರಣವೆಂದು ಭಾವಿಸಿರಲಿಲ್ಲ, ರಜ್ಜು ಮೂಳೆಗೆ ಸೇರುವ ತುದಿಯ ಹತ್ತಿರದ ಭಾಗವೇ ದುರ್ಬಲವಾದದ್ದು ಎಂದಿದ್ದನು ಎಂಬುದು ಇಲ್ಲಿ ನೆನಪಿಡತಕ್ಕ ಸಂಗತಿ. ಆ ಅಭಿಪ್ರಾಯ ಮುಂದೆ ಹಲವು ದಶಕ ಮೂಲೆಗೆ ಸರಿಯಿತು.

ಎರಡನೆಯ ಮಹಾಯುದ್ಧದ ನಂತರ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಜೇಮ್ಸ್ ಸಿರಿಯಾಕ್ಸ್ (1904–1985) ಕೈಚಿಕಿತ್ಸೆಗೆ ಶಾಸ್ತ್ರೀಯ ಶಿಸ್ತು ತಂದನು. ಸ್ವೀಡನ್ನಿನ ಪರಂಪರೆಯನ್ನು ಇಂಗ್ಲೆಂಡಿಗೆ ತಂದ ಹೆನ್ರಿಕ್ ಕೆಲ್‌ಗ್ರೆನ್ ಈತನ ತಾಯಿಯ ತಂದೆ. ಹಾಗಾಗಿ ಲಿಂಗ್‌ನ ವಿದ್ಯೆ ಮನೆಯ ಬಳುವಳಿಯಾಗಿಯೇ ಆಸ್ಪತ್ರೆಯನ್ನು ಹೊಕ್ಕಿತು ಎನ್ನಬೇಕು. ತೋಳನ್ನು ಅಲುಗಿಸದೆ ಬೇರೆ ಬೇರೆ ದಿಕ್ಕಿಗೆ ಪ್ರತಿರೋಧ ಒಡ್ಡಿ, ಯಾವ ಸ್ನಾಯು ಸಂಕುಚಿಸಿದಾಗ ನೋವು ಏಳುತ್ತದೆಂಬುದರಿಂದ ಯಾವ ರಜ್ಜು ಕೆಟ್ಟಿದೆಯೆಂದು ಊಹಿಸುವ ಪರೀಕ್ಷಾಕ್ರಮ ಆತನದು. ಕೆಟ್ಟ ರಜ್ಜುವನ್ನು ಗುರುತಿಸಿದ ಮೇಲೆ ಅದರ ಎಳೆಗಳಿಗೆ ಅಡ್ಡಲಾಗಿ ಆಳವಾಗಿ ಉಜ್ಜುವುದು ಚಿಕಿತ್ಸೆ. ಸುಪ್ರಾಸ್ಪೈನೇಟಸ್ ರಜ್ಜು ಅಕ್ರೋಮಿಯನ್ನಿನ ಅಡಿಯಲ್ಲಿ ಅಡಗಿರುವುದರಿಂದ ಬೆರಳಿಗೆ ನೇರವಾಗಿ ಸಿಗದು. ಆದಕಾರಣ ರೋಗಿಯನ್ನು ಹಿಂದಕ್ಕೆ ಒರಗಿಸಿ ಕೂರಿಸಿ, ಆ ಕೈಯನ್ನು ಬೆನ್ನ ಹಿಂದೆ ಇರಿಸಲಾಗುತ್ತಿತ್ತು. ಆಗ ತೋಳು ಒಳಕ್ಕೆ ತಿರುಗಿ, ರಜ್ಜು ಚಾವಣಿಯಡಿಯಿಂದ ಮುಂದಕ್ಕೆ ಜಾರಿ ಹೊರಬರುತ್ತದೆ. ಚಿಕಿತ್ಸಕಿ ತೋರುಬೆರಳಿನ ಮೇಲೆ ನಡುಬೆರಳನ್ನು ಒತ್ತಾಸೆಗಿಟ್ಟು, ಚರ್ಮವೂ ಬೆರಳೂ ಒಟ್ಟಿಗೆ ಸರಿಯುವಂತೆ, ಹದಿನೈದಿಪ್ಪತ್ತು ನಿಮಿಷ ಅಡ್ಡಡ್ಡಲಾಗಿ ಉಜ್ಜುತ್ತಿದ್ದಳು. ರೋಗಿಗೂ ನೋವು, ಚಿಕಿತ್ಸಕಿಯ ಬೆರಳಿಗೂ ನೋವು. ಆದರೂ ಈ ವಿಧಾನ ಅರ್ಧ ಶತಮಾನ ಕಾಲ ಪಠ್ಯಪುಸ್ತಕಗಳಲ್ಲಿ ಗಟ್ಟಿಯಾಗಿ ನೆಲೆಯೂರಿತು. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಜೆಫ್ರಿ ಮೈಟ್‌ಲೆಂಡ್ ಇದಕ್ಕಿಂತ ಮೃದುವಾದ ದಾರಿ ಹಿಡಿದು, ಕೀಲನ್ನು ಸಣ್ಣ ಸಣ್ಣ ಆಂದೋಲನಗಳಿಂದ ಅಲುಗಿಸುವ ಕ್ರಮವನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿದನು: ಮೊದಲೆರಡು ನೋವು ತಣಿಸಲು, ಕಡೆಯೆರಡು ಬಿಗಿತ ಬಿಡಿಸಲು.

ಭಾರತದಲ್ಲಿ ಭೌತಚಿಕಿತ್ಸೆಯ ಶಿಕ್ಷಣ ಬೇರೂರಿದ್ದು 1950ರ ದಶಕದ ಆರಂಭದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಶಾಲೆ ಆರಂಭವಾದಾಗ. ಅಂದಿನ ತುರ್ತು ಪೋಲಿಯೊ, ಭುಜದ ನೋವಲ್ಲ. ಕರ್ನಾಟಕದಲ್ಲಿ 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಫಿಸಿಯೋಥೆರಪಿ ಕಾಲೇಜುಗಳು ಹಬ್ಬಿದಾಗ ಸಿರಿಯಾಕ್ಸ್ ಮತ್ತು ಮೈಟ್‌ಲೆಂಡ್ ಇಬ್ಬರೂ ಪಾಠಕ್ರಮದ ಮೂಲಕ ಇಲ್ಲಿನ ತರಗತಿಗಳಿಗೆ ಬಂದರು. ಗೋಡೆಗೆ ಬಿಗಿದ ಶೋಲ್ಡರ್ ವೀಲ್, ಬೆರಳುಗಳಿಂದ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುವ ಮರದ ಫಿಂಗರ್ ಲ್ಯಾಡರ್, ಮೇಲಿನಿಂದ ಇಳಿಬಿಟ್ಟ ರಾಟೆಹಗ್ಗ ಇವು ಇಂದಿಗೂ ಜಿಲ್ಲಾ ಕೇಂದ್ರಗಳ ಚಿಕಿತ್ಸಾಲಯಗಳಲ್ಲಿ ಕಾಣಸಿಗುವ ಸಾಮಗ್ರಿ. ಇವು ಮುಖ್ಯವಾಗಿ ಬಿಗಿದ ಭುಜಕ್ಕಾಗಿ ರೂಪುಗೊಂಡವು, ಇಂಪಿಂಜ್‌ಮೆಂಟ್ ಎಂಬ ವಿಚಾರಕ್ಕಿಂತ ಹಳೆಯವು. ಇವುಗಳ ಪಕ್ಕದಲ್ಲೇ ಸಾಮಾನ್ಯವಾಗಿ ಇರುವ ಅಲ್ಟ್ರಾಸೌಂಡ್ ಯಂತ್ರದ, ಅಂದರೆ ಶ್ರವಣಾತೀತ ಕಂಪನಗಳನ್ನು ಅಂಗಾಂಶಕ್ಕೆ ಹಾಯಿಸುವ ಸಾಧನದ, ಕೀರ್ತಿ ಅದರ ಸಾಧನೆಗಿಂತ ದೊಡ್ಡದು: ರಜ್ಜುವಿನಲ್ಲಿ ಸುಣ್ಣದ ಅಂಶ ಕಟ್ಟಿಕೊಂಡ ಪ್ರತ್ಯೇಕ ಕಾಯಿಲೆಯಲ್ಲಿ ಅದರಿಂದ ಪ್ರಯೋಜನವಿದೆಯೆಂದು 1999ರಲ್ಲಿ ವಿಯೆನ್ನಾದ ಪ್ರಯೋಗವೊಂದು ತೋರಿಸಿತಾದರೂ, ಸಾಮಾನ್ಯ ಭುಜದ ನೋವಿನಲ್ಲಿ ಅಂಥ ಆಧಾರ ದೊರೆಯಲಿಲ್ಲ.

ಶಸ್ತ್ರಚಿಕಿತ್ಸಕರ ದಾರಿ ಬೇರೆಯಾಗಿತ್ತು. ಚಾವಣಿ ಇಕ್ಕಟ್ಟಾಗಿದೆಯೆಂದರೆ ಚಾವಣಿಯನ್ನೇ ತೆಗೆಯುವುದು ಎಂಬ ತರ್ಕದಿಂದ 1940ರ ದಶಕದಲ್ಲಿ ಅಕ್ರೋಮಿಯನ್ನನ್ನು ಪೂರ್ತಿಯಾಗಿ ಕತ್ತರಿಸಿ ತೆಗೆಯುವ ಶಸ್ತ್ರಕ್ರಿಯೆಗಳು ನಡೆದವು. ಆದರೆ ತೋಳೆತ್ತುವ ದೊಡ್ಡ ಸ್ನಾಯು ಅಂಟಿಕೊಂಡಿರುವುದೇ ಆ ಮೂಳೆಗಾದ್ದರಿಂದ, ನೋವು ಹೋದರೂ ತೋಳಿನ ಬಲವೂ ಹೋಗುತ್ತಿತ್ತು. ನ್ಯೂಯಾರ್ಕಿನ ಚಾರ್ಲ್ಸ್ ನೀರ್ (1917–2011) 1972ರಲ್ಲಿ ಪ್ರಕಟಿಸಿದ ಲೇಖನ ಈ ತೊಡಕನ್ನು ಬಿಡಿಸಿತು. 100 ಹೆಗಲಮೂಳೆಗಳನ್ನು ಪರೀಕ್ಷಿಸಿದ ಆತನಿಗೆ ಅವುಗಳಲ್ಲಿ 11ರಲ್ಲಿ ಅಕ್ರೋಮಿಯನ್ನಿನ ಮುಂಭಾಗದ ಅಡಿಯಲ್ಲಿ ಮೂಳೆ ಬೆಳೆದ ದಿಣ್ಣೆ ಕಂಡಿತು. ಉಜ್ಜಾಟ ನಡೆಯುವುದು ಪಕ್ಕದಲ್ಲಲ್ಲ, ತೋಳು ಮುಂದಕ್ಕೆ ಏಳುವಾಗ ಮುಂಭಾಗದಲ್ಲಿ. ಆದಕಾರಣ ಆ ಮುಂಭಾಗದ ತುಣುಕನ್ನು ಮಾತ್ರ ಕೆತ್ತಿದರೆ ಸಾಕು ಎಂದು ಆತ ವಾದಿಸಿದನು. 1983ರಲ್ಲಿ ಈ ಕಾಯಿಲೆಗೆ ಮೂರು ಹಂತಗಳನ್ನೂ ಗೊತ್ತುಪಡಿಸಿದನು: 25 ವರ್ಷದೊಳಗಿನವರಲ್ಲಿ ಊತ ಮತ್ತು ರಕ್ತಸ್ರಾವ, 25ರಿಂದ 40ರೊಳಗೆ ರಜ್ಜುವಿನ ಉರಿಯೂತ ಮತ್ತು ನಾರುಗಟ್ಟುವಿಕೆ, 40 ದಾಟಿದವರಲ್ಲಿ ಮೂಳೆಯ ಮುಳ್ಳು ಮತ್ತು ರಜ್ಜುವಿನ ಹರಿತ. ರೊಟೇಟರ್ ಕಫ್‌ನ ಹರಿತಗಳಲ್ಲಿ ಶೇ. 95ರಷ್ಟಕ್ಕೆ ಈ ಉಜ್ಜಾಟವೇ ಕಾರಣವೆಂದು ಆತನ ಅಂದಾಜು. ಮೂಳೆಯಲ್ಲಿ ಕಣ್ಣಿಗೆ ಕಾಣುವ, ಎಕ್ಸ್‌ರೇಯಲ್ಲಿ ಹಿಡಿಯಬಹುದಾದ, ರೋಗಿಗೆ ಎರಡು ಕೈಗಳಿಂದ ಅಭಿನಯಿಸಿ ತೋರಿಸಬಹುದಾದ ಕಾರಣವೊಂದು ದೊರೆತದ್ದೇ ಈ ಸಿದ್ಧಾಂತದ ದೊಡ್ಡ ಶಕ್ತಿ. ಪುರಾವೆಗಿಂತ ಚಿತ್ರ ಹೆಚ್ಚು ಮನವೊಲಿಸಿದ ಉದಾಹರಣೆಗಳಲ್ಲಿ ಇದೂ ಒಂದು.

ಭೌತಚಿಕಿತ್ಸಕರು ಈ ಚಿತ್ರವನ್ನು ಪೂರ್ತಿಯಾಗಿ ಒಪ್ಪಿಕೊಂಡು, ಶಸ್ತ್ರಚಿಕಿತ್ಸಕ ಉಳಿಯಿಂದ ಮಾಡುವ ಜಾಗವನ್ನು ತಾವು ಸ್ನಾಯುವಿನಿಂದ ಮಾಡಲು ಹೊರಟರು. ರೊಟೇಟರ್ ಕಫ್ ಬಲವಾದರೆ ಅದು ತೋಳಿನ ಮೂಳೆಯ ತಲೆಯನ್ನು ಕೆಳಕ್ಕೆಳೆದು ಚಾವಣಿಯಿಂದ ದೂರವಿಡುತ್ತದೆ. ಹೆಗಲಮೂಳೆಯನ್ನು ಹಿಡಿದಿಡುವ ಸ್ನಾಯುಗಳು ಪಳಗಿದರೆ ಚಾವಣಿಯೇ ಮೇಲಕ್ಕೆ ಓರೆಯಾಗುತ್ತದೆ. ಮುಂದಕ್ಕೆ ಬಾಗಿದ ಹೆಗಲನ್ನು ನೆಟ್ಟಗೆ ಮಾಡಿದರೆ ಎಡೆ ಹಿಗ್ಗುತ್ತದೆ. ಮೊಣಕೈಯನ್ನು ಪಕ್ಕೆಗೆ ಅಂಟಿಸಿ, ನಡುವೆ ಸುತ್ತಿದ ಟವೆಲ್ ಇರಿಸಿ, ರಬ್ಬರ್ ಪಟ್ಟಿಯನ್ನು ಹೊರಕ್ಕೆ ಎಳೆಯುವ ವ್ಯಾಯಾಮ ಈ ತರ್ಕದ ಸಂತಾನ. ಕೆಂಟಕಿಯ ಬೆನ್ ಕಿಬ್ಲರ್ 1990ರ ದಶಕದಲ್ಲಿ ಹೆಗಲಮೂಳೆಯ ಲಯಗೆಟ್ಟ ಚಲನೆಗೆ ಒತ್ತು ಕೊಟ್ಟ ಮೇಲೆ, ಮೈಮೇಲೆ ಅಂಟುಪಟ್ಟಿ ಹಚ್ಚಿ ಹೆಗಲನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವ ಉಪಾಯಗಳೂ ಹರಡಿದವು. ಈ ಕಾಲದ ಕೆಲವು ವಿಧಾನಗಳು ತಮ್ಮದೇ ತರ್ಕದಿಂದ ಬಿದ್ದುಹೋದದ್ದೂ ಉಂಟು. ಲಾಸ್ ಏಂಜಲೀಸ್‌ನ ಫ್ರಾಂಕ್ ಜೋಬ್ ಮತ್ತು ಮೊಯ್ನ್ಸ್ 1982ರಲ್ಲಿ ಸೂಚಿಸಿದ, ಹೆಬ್ಬೆರಳು ಕೆಳಕ್ಕಿರುವಂತೆ ತೋಳನ್ನೆತ್ತುವ 'ಖಾಲಿ ಡಬ್ಬಿ' ವ್ಯಾಯಾಮ ಸುಪ್ರಾಸ್ಪೈನೇಟಸ್‌ಗಾಗಿಯೇ ಹೇಳಿ ಮಾಡಿಸಿದ್ದೆಂದು ಹೆಸರಾಗಿತ್ತು. ಆದರೆ ತೋಳು ಒಳಕ್ಕೆ ತಿರುಗಿದ ಆ ಭಂಗಿಯೇ ಎಡೆಯನ್ನು ಕಿರಿದುಗೊಳಿಸುತ್ತದೆಂಬ ಆಕ್ಷೇಪ ಬಂದು, ಹೆಬ್ಬೆರಳು ಮೇಲಕ್ಕಿರುವ 'ತುಂಬಿದ ಡಬ್ಬಿ' ಅದರ ಜಾಗವನ್ನು ಆಕ್ರಮಿಸಿತು.

ಇತ್ತ ಶಸ್ತ್ರಚಿಕಿತ್ಸೆಯೂ ಸುಲಭವಾಗಿತ್ತು. 1980ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಹಾರ್ವರ್ಡ್ ಎಲ್ಮನ್ ಅದನ್ನು ಆರ್ತ್ರೋಸ್ಕೋಪ್ ಮೂಲಕ, ಅಂದರೆ ಸಣ್ಣ ರಂಧ್ರಗಳಿಂದ ತೂರಿಸಿದ ದರ್ಶಕನಳಿಗೆಯ ನೆರವಿನಿಂದ ಮಾಡಿ ತೋರಿಸಿದ ಮೇಲೆ ಅದರ ಬಳಕೆ ಬಿರುಸಾಗಿ ಏರಿತು. ಇಂಗ್ಲೆಂಡಿನಲ್ಲಿ 2000–01ರಲ್ಲಿ 2,523 ಮಂದಿಗೆ ನಡೆದಿದ್ದ ಈ ಶಸ್ತ್ರಕ್ರಿಯೆ 2009–10ರಲ್ಲಿ 21,355 ಮಂದಿಗೆ ನಡೆಯಿತು.

ಆದರೆ ಸಿದ್ಧಾಂತದ ಬುಡ ಅಷ್ಟರಲ್ಲೇ ಸಡಿಲವಾಗಿತ್ತು. ಜಪಾನಿನ ಒಜಾಕಿ ಮತ್ತು ಸಂಗಡಿಗರು 1988ರಲ್ಲಿ 200 ಶವಭುಜಗಳನ್ನು ಪರೀಕ್ಷಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ರಜ್ಜುವಿನ ಭಾಗಶಃ ಹರಿತಗಳು ಹೆಚ್ಚಾಗಿ ಚಾವಣಿಗೆ ತಾಗುವ ಮೇಲ್ಮೈಯಲ್ಲಿರದೆ ಕೀಲಿನ ಕಡೆಯ ಅಡಿಮೈಯಲ್ಲಿದ್ದವು, ಅಂಥ ಕಡೆ ಅಕ್ರೋಮಿಯನ್ ಬಹುತೇಕ ಕೆಡದೆ ಇತ್ತು. ಮೇಲಿನ ಮೂಳೆ ಉಜ್ಜಿದರೆ ಕೆಳಗಿನ ಮೈ ಮೊದಲು ಹರಿಯುವುದು ಹೇಗೆ ಎಂಬ ಪ್ರಶ್ನೆಗೆ ನೀರ್‌ನ ಚಿತ್ರದಲ್ಲಿ ಉತ್ತರವಿರಲಿಲ್ಲ. ನೋವೇ ಇಲ್ಲದ 96 ಮಂದಿಯ ಭುಜಗಳ ಎಂಆರ್‌ಐ ಪರೀಕ್ಷೆಯ ಫಲಿತಾಂಶ 1995ರಲ್ಲಿ ಹೊರಬಂದಾಗ, 60 ದಾಟಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಜ್ಜುಗಳಲ್ಲಿ ಹರಿತ ಕಂಡಿತು. ಕಾಡ್‌ಮನ್ ಹೇಳಿದ್ದ ರಜ್ಜುವಿನ ಒಳದೌರ್ಬಲ್ಯದ ಮಾತಿಗೆ ಹೀಗೆ ಅರ್ಧ ಶತಮಾನದ ನಂತರ ಬೆಲೆ ಬಂತು.

ವ್ಯಾಯಾಮದ ಪರವಾದ ಮೊದಲ ಗಟ್ಟಿ ಸಾಕ್ಷ್ಯ ಬಂದದ್ದು ನಾರ್ವೆಯಿಂದ. ಬ್ರಾಕ್ಸ್ ಮತ್ತು ಸಂಗಡಿಗರು 1993ರಲ್ಲಿ 125 ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪುಗಳಿಗೆ ಹಂಚಿ, ಒಂದಕ್ಕೆ ಶಸ್ತ್ರಚಿಕಿತ್ಸೆ, ಒಂದಕ್ಕೆ ಮೇಲ್ವಿಚಾರಣೆಯ ವ್ಯಾಯಾಮ, ಇನ್ನೊಂದಕ್ಕೆ ಕೆಲಸ ಮಾಡದ ಹುಸಿ ಲೇಸರ್ ಕೊಟ್ಟ ಪ್ರಯೋಗದ ವರದಿ ಮಾಡಿದರು. ಆರು ತಿಂಗಳ ಬಳಿಕ ಮೊದಲೆರಡು ಗುಂಪುಗಳು ಮೂರನೆಯದಕ್ಕಿಂತ ಮುಂದಿದ್ದವು, ಪರಸ್ಪರ ಸಮವಾಗಿದ್ದವು. ಅಲ್ಲಿನ ವ್ಯಾಯಾಮದ ಸ್ವರೂಪ ಕುತೂಹಲಕರ: ಮಾಡಿಗೆ ಕಟ್ಟಿದ ಜೋಲಿಯಲ್ಲಿ ತೋಳನ್ನು ತೂಗುಹಾಕಿ, ಅದರ ಭಾರ ಸ್ನಾಯುಗಳ ಮೇಲೆ ಬೀಳದಂತೆ ಮಾಡಿ, ಮೊದಲು ಹೊರಳುವ, ಆಮೇಲೆ ಮುಂದೆ ಹಿಂದೆ ಹೋಗುವ, ಕೊನೆಗೆ ಪಕ್ಕಕ್ಕೆ ಏಳುವ ಚಲನೆಗಳನ್ನು ದಿನಕ್ಕೊಂದು ಗಂಟೆ ಸಡಿಲವಾಗಿ ಪುನರಾವರ್ತಿಸಿ, ಪ್ರತಿರೋಧವನ್ನು ಮೆಲ್ಲಮೆಲ್ಲಗೆ ಸೇರಿಸುತ್ತಾ ಹೋಗುವುದು. ಕಾಡ್‌ಮನ್ ರೋಗಿಯನ್ನು ಬಾಗಿಸಿ ಸಾಧಿಸಿದ ಭಾರಹರಣವನ್ನೇ ಇಲ್ಲಿ ಹಗ್ಗ ಸಾಧಿಸಿತ್ತು.

ಸ್ವೀಡನ್ನಿನ ಲಿನ್‌ಶೋಪಿಂಗ್‌ನಲ್ಲಿ ಹೋಲ್ಮ್‌ಗ್ರೆನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗ ಎದುರು ದಿಕ್ಕಿನದು. ಅಲ್ಲಿ ಭಾರವೇ ಮದ್ದಾಗಿತ್ತು. ಶಸ್ತ್ರಚಿಕಿತ್ಸೆಗೆ ಸರತಿಯಲ್ಲಿದ್ದ ರೋಗಿಗಳ ಪೈಕಿ ಒಂದು ಗುಂಪು ಹನ್ನೆರಡು ವಾರ ರೊಟೇಟರ್ ಕಫ್‌ಗೆ ಇಳಿಭಾರದ ವ್ಯಾಯಾಮವನ್ನು, ಅಂದರೆ ತೂಕವನ್ನು ಎತ್ತುವುದಕ್ಕಿಂತ ನಿಧಾನವಾಗಿ ಇಳಿಸುವಾಗ ಸ್ನಾಯು ಹಿಗ್ಗುತ್ತಲೇ ದುಡಿಯುವ ಬಗೆಯನ್ನು, ಹೆಗಲಮೂಳೆಯ ಸ್ನಾಯುಗಳ ತಾಲೀಮಿನೊಡನೆ ಮಾಡಿತು. ಇನ್ನೊಂದು ಗುಂಪು ಭಾರವಿಲ್ಲದ ಸಾಮಾನ್ಯ ಚಲನೆಗಳನ್ನು ಮಾಡಿತು. ಕೊನೆಗೆ ಶಸ್ತ್ರಚಿಕಿತ್ಸೆ ಬೇಕೆಂದವರು ಮೊದಲನೆಯದರಲ್ಲಿ ಶೇ. 20, ಎರಡನೆಯದರಲ್ಲಿ ಶೇ. 63.

ಚಾವಣಿ ಕೆತ್ತುವುದರಿಂದಲೇ ನೋವು ಹೋಗುತ್ತದೆಯೇ ಎಂಬ ಮೂಲಪ್ರಶ್ನೆಯನ್ನು ನೇರವಾಗಿ ಎದುರಿಸಿದ್ದು ಬ್ರಿಟನ್ನಿನ 32 ಆಸ್ಪತ್ರೆಗಳ 313 ರೋಗಿಗಳ ಮೇಲೆ ನಡೆದು 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಪ್ರಯೋಗ. ಒಂದು ಗುಂಪಿಗೆ ಪೂರ್ಣ ಶಸ್ತ್ರಕ್ರಿಯೆ ನಡೆಯಿತು. ಇನ್ನೊಂದಕ್ಕೆ ಅರಿವಳಿಕೆ, ರಂಧ್ರ, ದರ್ಶಕನಳಿಗೆ ಎಲ್ಲವೂ ಇದ್ದು ಮೂಳೆ ಕೆತ್ತುವುದು ಮಾತ್ರ ಇರಲಿಲ್ಲ. ಮೂರನೆಯದಕ್ಕೆ ಯಾವ ಚಿಕಿತ್ಸೆಯೂ ಇರಲಿಲ್ಲ. ಕೆತ್ತಿದವರೂ ಕೆತ್ತದವರೂ ಸಮಾನವಾಗಿ ಸುಧಾರಿಸಿದರು, ಚಿಕಿತ್ಸೆಯಿಲ್ಲದವರಿಗಿಂತ ಅವರ ಮುನ್ನಡೆ ರೋಗಿಗೆ ಅರ್ಥಪೂರ್ಣವೆನಿಸುವಷ್ಟು ದೊಡ್ಡದಾಗಿರಲಿಲ್ಲ. ಅದೇ ವರ್ಷ ಫಿನ್ಲೆಂಡಿನ 210 ರೋಗಿಗಳ ಪ್ರಯೋಗವೂ ಕೆತ್ತುವಿಕೆಗೆ ವಿಶೇಷ ಲಾಭವಿಲ್ಲವೆಂದಿತು. 2019ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಮಾರ್ಗಸೂಚಿ ಈ ಶಸ್ತ್ರಕ್ರಿಯೆ ಬೇಡವೆಂದು ಬಲವಾಗಿ ಶಿಫಾರಸು ಮಾಡಿತು. ಅಂತಿಮ ಫಲಿತಾಂಶವನ್ನು ನೋಡಿರಿ ಎಂದು ಹಟಹಿಡಿದು ಕೆಲಸ ಬಿಟ್ಟ ಕಾಡ್‌ಮನ್‌ನ ಮಾತನ್ನು ಭುಜದ ಶಾಸ್ತ್ರವೇ ಇಷ್ಟು ತಡವಾಗಿ ಪಾಲಿಸಿದ್ದು ಚರಿತ್ರೆಯ ವ್ಯಂಗ್ಯ.

ಭೌತಚಿಕಿತ್ಸಕರು ಇದನ್ನು ತಮ್ಮ ಗೆಲುವೆಂದು ಬೀಗುವ ಹೊತ್ತಿಗೆ ಅವರ ಸರದಿಯೂ ಬಂತು. 708 ರೋಗಿಗಳನ್ನೊಳಗೊಂಡು 2021ರಲ್ಲಿ ಪ್ರಕಟವಾದ ಗ್ರಾಸ್ಪ್ ಎಂಬ ಬ್ರಿಟಿಷ್ ಪ್ರಯೋಗವು ಚಿಕಿತ್ಸಕರ ಬಳಿ ಆರು ಭೇಟಿಗಳವರೆಗೆ ಹಂತಹಂತವಾಗಿ ಭಾರ ಏರಿಸುವ ವ್ಯಾಯಾಮವನ್ನು, ಒಂದೇ ಭೇಟಿಯಲ್ಲಿ ತಿಳಿವಳಿಕೆ ಹೇಳಿ ಕಿರುಹೊತ್ತಗೆಯೊಡನೆ ಮನೆಯ ವ್ಯಾಯಾಮ ಕೊಟ್ಟು ಕಳುಹಿಸುವುದರೊಂದಿಗೆ ಹೋಲಿಸಿತು. ಹನ್ನೆರಡು ತಿಂಗಳ ಕೊನೆಗೆ ಎರಡು ಗುಂಪುಗಳ ನಡುವೆ ಗಣನೀಯ ಅಂತರ ಕಾಣಲಿಲ್ಲ. ಅದೇ ಪ್ರಯೋಗದಲ್ಲಿ ಕೆಲವರಿಗೆ ಕೊಟ್ಟ ಸ್ಟೀರಾಯ್ಡ್ ಚುಚ್ಚುಮದ್ದು ಮೊದಲ ಕೆಲವು ವಾರಗಳಲ್ಲಿ ತುಸು ಆರಾಮ ಕೊಟ್ಟರೂ ಅದು ಉಳಿಯಲಿಲ್ಲ.

ಈ ಫಲಿತಾಂಶಗಳ ನಡುವೆ 'ಇಂಪಿಂಜ್‌ಮೆಂಟ್' ಎಂಬುದನ್ನೇ ಕೈಬಿಟ್ಟು 'ರೊಟೇಟರ್ ಕಫ್ ಸಂಬಂಧಿತ ಭುಜನೋವು' ಎನ್ನುವ ರೂಢಿ ಜೆರೆಮಿ ಲೂಯಿಸ್ ಮುಂತಾದವರ ಬರಹಗಳಿಂದ ಬೆಳೆಯಿತು. ಆದರೆ ಹೆಸರಿಗಿಂತ ಹೆಚ್ಚು ಬದಲಾದದ್ದು ರೋಗಿಗೆ ಕೊಡುವ ಸೂಚನೆ. ರಜ್ಜು ಉಜ್ಜಿಹೋಗುತ್ತಿದೆ ಎಂಬ ನಂಬಿಕೆಯ ಕಾಲದಲ್ಲಿ ನೋವಿನ ಕಮಾನನ್ನು ಮುಟ್ಟುವ ಮೊದಲೇ ತೋಳನ್ನು ಇಳಿಸಬೇಕಾಗಿತ್ತು, ಏಕೆಂದರೆ ಪ್ರತಿ ನೋವೂ ಒಂದು ಸವೆತವೆಂದೇ ಲೆಕ್ಕ. ಸ್ವೀಡನ್ನಿನಲ್ಲಿ ಯೋನ್ಸನ್ ಮತ್ತು ಸಂಗಡಿಗರು 2006ರಲ್ಲಿ ಶಸ್ತ್ರಚಿಕಿತ್ಸೆಗೆ ಕಾಯುತ್ತಿದ್ದ ಒಂಬತ್ತು ಮಂದಿಯ ಸಣ್ಣ ಪ್ರಯೋಗದಲ್ಲಿ ನೋವಿದ್ದರೂ ಇಳಿಭಾರದ ವ್ಯಾಯಾಮವನ್ನು ಉದ್ದೇಶಪೂರ್ವಕವಾಗಿ ಮುಂದುವರಿಸಿದ್ದರು. ಆ ಬಳಿಕ, ಸಹಿಸಬಹುದಾದಷ್ಟು ನೋವು ವ್ಯಾಯಾಮದ ವೇಳೆ ಬಂದರೆ ಹೆದರಬೇಕಾಗಿಲ್ಲ, ಮರುದಿನದ ಹೊತ್ತಿಗೆ ಅದು ಹಿಂದಿನ ಮಟ್ಟಕ್ಕೆ ಇಳಿದರೆ ಅಷ್ಟೇ ಭಾರವನ್ನು ಮುಂದುವರಿಸಬಹುದು, ಇಳಿಯದಿದ್ದರೆ ಒಂದು ಮೆಟ್ಟಿಲು ಕೆಳಕ್ಕೆ ಬಂದು ಮತ್ತೆ ಏರಬೇಕು ಎಂಬ ಸೂಚನೆ ಚಿಕಿತ್ಸಕರ ಬಾಯಲ್ಲಿ ಸಾಮಾನ್ಯವಾಗುತ್ತಿದೆ.